ಐದು ಕಾಲಿನ ಗೂಳಿ

ಇರಾಕಿನ ಮೋಸುಲ್ ನಗರವನ್ನು ಟೈಗ್ರಿಸ್ ನದಿ ಎರಡು ಹೋಳು ಮಾಡಿ ಹರಿಯುತ್ತದೆ. ನದಿಯ ಪೂರ್ವ ದಂಡೆಯಲ್ಲಿ ಹಳೆಯ ನಿನೆವೆ ಪಟ್ಟಣದ ಕೋಟೆಗೋಡೆಯ ಅವಶೇಷಗಳಿವೆ. ಆ ಗೋಡೆಯ ಬಾಗಿಲುಗಳಲ್ಲಿ ಒಂದಕ್ಕೆ ನೆರ್ಗಲ್ ದ್ವಾರ ಎಂದು ಹೆಸರು. 2015ರ ಫೆಬ್ರವರಿ 26ರಂದು ಬಿಡುಗಡೆಯಾದ ವೀಡಿಯೊ ಒಂದರಲ್ಲಿ, ಐಎಸ್ ಎಂದು ತನ್ನನ್ನು ಕರೆದುಕೊಳ್ಳುವ ಗುಂಪಿನ ಒಬ್ಬಾತ ಕಲ್ಲು ಕೊರೆಯುವ ಯಂತ್ರ ಹಿಡಿದು ಆ ಬಾಗಿಲಲ್ಲಿ ನಿಂತಿದ್ದ ಕಲ್ಲಿನ ಪ್ರಾಣಿಯ ಮುಖವನ್ನು ಪುಡಿ ಮಾಡುತ್ತಿದ್ದುದನ್ನು ಜಗತ್ತು ನೋಡಿತು. ಆ ಪ್ರಾಣಿ ಅಲ್ಲಿ ನಿಂತು ಸುಮಾರು 2,700 ವರ್ಷಗಳಾಗಿದ್ದವು.

ಒಡೆದವರು ಯಾರು, ಯಾಕೆ ಒಡೆದರು ಎಂಬುದರ ಬಗ್ಗೆ ಆಗ ಬೇಕಾದಷ್ಟು ಬರೆದಾಯಿತು. ಆದರೆ ಅವರು ಒಡೆದದ್ದಾದರೂ ಏನನ್ನು? ಈ ಪ್ರಶ್ನೆ ಯಾಕೋ ಹಿಂದೆ ಸರಿದುಬಿಟ್ಟಿತು. ಒಡೆದವರು ಅದನ್ನು ವಿಗ್ರಹ ಎಂದರು. ಅತ್ತವರು ಮಾನವಕುಲದ ಪರಂಪರೆ ಎಂದರು. ಎರಡು ಮಾತೂ ಆ ಕಲ್ಲಿನ ಮೈಗೆ ಸರಿಯಾಗಿ ಒಪ್ಪುವುದಿಲ್ಲ ಎಂಬುದು ನಮ್ಮ ಅನಿಸಿಕೆ. ಸ್ವಲ್ಪ ಬಿಡಿಸಿ ನೋಡೋಣ.

ಅದರ ಮೈ ಗೂಳಿಯದು, ರೆಕ್ಕೆ ಹದ್ದಿನದು, ತಲೆ ಉದ್ದ ಗಡ್ಡ ಬಿಟ್ಟ ಗಂಡಸಿನದು. ಕೆಲವು ಕಡೆ ಗೂಳಿಯ ಬದಲು ಸಿಂಹದ ಮೈ. ತಲೆಯ ಮೇಲೆ ಕೊಂಬುಗಳಿರುವ ಕಿರೀಟ. ಅಸ್ಸೀರಿಯಾದಲ್ಲಿ ಕೊಂಬಿನ ಕಿರೀಟ ದೈವದ ಗುರುತು. ಇವತ್ತು ಎಲ್ಲರೂ ಇದನ್ನು ಲಮಸ್ಸು ಎನ್ನುತ್ತಾರೆ. ಆದರೆ ಮೆಸೊಪೊಟೇಮಿಯಾದ ಹಳೆಯ ಬರಹಗಳಲ್ಲಿ ಲಮಸ್ಸು ಎಂದರೆ ಮನುಷ್ಯನ ಬೆನ್ನಿಗೆ ನಿಂತು ಕಾಯುವ ಹೆಣ್ಣು ದೈವ. ಅದರ ಗಂಡು ಜೋಡಿ ಶೇದು. ಬಾಗಿಲ ಗೂಳಿಗೆ ಅಸ್ಸೀರಿಯಾದ ರಾಜರ ಶಾಸನಗಳಲ್ಲಿ ಅಲದ್‌ಲಮ್ಮು ಎಂಬ ಬೇರೆ ಮಾತೇ ಇದೆ. ಬಡವರ ಬೆನ್ನು ಕಾಯುತ್ತಿದ್ದ ಹೆಣ್ಣು ದೈವದ ಹೆಸರು ಅರಮನೆಯ ಬಾಗಿಲ ಗಡ್ಡದ ಗೂಳಿಗೆ ಅಂಟಿಕೊಂಡದ್ದು ಹೇಗೆ ಎಂದು ಯಾರಾದರೂ ಬರೆದರೆ ಅದೇ ಒಂದು ಒಳ್ಳೆಯ ಲೇಖನವಾದೀತು. ರೂಢಿಯಲ್ಲಿರುವುದು ಅದೇ ಆದ್ದರಿಂದ ನಾವೂ ಲಮಸ್ಸು ಎಂದೇ ಕರೆಯುತ್ತೇವೆ.

ಪ್ರವಾಸಿ ಕೈಪಿಡಿಗಳಲ್ಲಿ, ಶಾಲೆಯ ಪಠ್ಯಗಳಲ್ಲಿ ಈ ಪ್ರಾಣಿಯ ಸಾಂಕೇತಿಕ ಅರ್ಥ ಎಂದು ಒಂದು ಸಾಲು ಇದ್ದೇ ಇರುತ್ತದೆ. ಗೂಳಿ ಎಂದರೆ ಬಲ, ರೆಕ್ಕೆ ಎಂದರೆ ವೇಗ, ಮನುಷ್ಯನ ತಲೆ ಎಂದರೆ ಬುದ್ಧಿ. ಮೂರನ್ನು ಕೂಡಿಸಿದರೆ ಸರ್ವಶಕ್ತ ರಕ್ಷಕ. ಲೆಕ್ಕ ಸರಿಯಾಗಿದೆ, ಓದು ಮಾತ್ರ ತಪ್ಪು. ಪುರಾಣದ ಮಿಶ್ರಪ್ರಾಣಿಯನ್ನು ಹೀಗೆ ಕೂಡುವ ಲೆಕ್ಕದಂತೆ ಬಿಡಿಸುವುದು ನಮ್ಮ ವಿಮರ್ಶೆಗೂ ಅಂಟಿದ ಹಳೆಯ ರೋಗ. ನಮ್ಮ ಕರ್ನಾಟಕ ಸರ್ಕಾರದ ಲಾಂಛನವನ್ನೇ ನೋಡಿ. ನಡುವೆ ಎರಡು ತಲೆಯ ಗಂಡಭೇರುಂಡ, ಎರಡು ಪಕ್ಕಗಳಲ್ಲಿ ಸಿಂಹದ ಮೈಗೆ ಆನೆಯ ಸೊಂಡಿಲಿರುವ ಪ್ರಾಣಿಗಳು. ತಹಶೀಲ್ದಾರರ ಕಚೇರಿಯ ಮುಂದೆ ಅರ್ಜಿ ಹಿಡಿದು ನಿಂತ ಮುದುಕಿ ಅದನ್ನು ನೋಡಿ, ಸಿಂಹ ಎಂದರೆ ಪರಾಕ್ರಮ, ಆನೆ ಎಂದರೆ ಬಲ ಎಂದು ಕೂಡಿಸುತ್ತಾಳೆಯೇ? ಆಕೆಗೆ ಅದು ಹೇಳುವುದು ಒಂದೇ ಮಾತು: ಇದು ಸರ್ಕಾರದ ಕಾಗದ, ಹುಷಾರು. ಪ್ರತೀಕದ ಅರ್ಥ ಅದರ ಅಂಗಾಂಗಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಅದು ಎಲ್ಲಿ ನಿಂತಿದೆ, ಯಾರ ಎದುರು ನಿಂತಿದೆ ಎಂಬುದರಲ್ಲಿ ಇರುತ್ತದೆ.

ಲಮಸ್ಸು ನಿಲ್ಲುವುದು ಬಾಗಿಲಲ್ಲಿ, ಮತ್ತು ಯಾವಾಗಲೂ ಜೋಡಿಯಾಗಿ. ನಡುವೆ ಹಾದುಹೋಗುವವನ ತಲೆ ಅದರ ಎದೆಯ ಮಟ್ಟಕ್ಕೂ ಬರುವುದಿಲ್ಲ. ಕೊರ್ಸಾಬಾದಿನ ಗೂಳಿಗಳು ನಾಲ್ಕು ಮೀಟರಿಗೂ ಎತ್ತರ. ಇವುಗಳನ್ನು ಕೆತ್ತಿದವರು ಒಂದು ಉಪಾಯ ಮಾಡಿದ್ದರು. ಎದುರಿನಿಂದ ನೋಡಿದರೆ ಮುಂಗಾಲು ಎರಡೂ ಜೋಡಿಸಿಕೊಂಡು ಪ್ರಾಣಿ ಅಲುಗದೆ ನಿಂತಿದೆ. ಪಕ್ಕದಿಂದ ನೋಡಿದರೆ ನಾಲ್ಕೂ ಕಾಲು ಕಾಣುತ್ತವೆ, ಅದು ನಡೆಯುತ್ತಿದೆ. ಎರಡೂ ನೋಟಕ್ಕೆ ಒಪ್ಪಲೆಂದು ಒಟ್ಟು ಐದು ಕಾಲು ಕೆತ್ತಿದ್ದಾರೆ! ಮೂಲೆಯಲ್ಲಿ ನಿಂತು ನೋಡಿದರೆ ಮಾತ್ರ ಈ ಐದನೆಯ ಕಾಲು ಬೆಳಕಿಗೆ ಬರುತ್ತದೆ. ಅಂದರೆ ಅರಮನೆಗೆ ಬರುವವನಿಗೆ ಮೊದಲು ಎದುರಾಗುವುದು ತಡೆದು ನಿಂತ ಪ್ರಾಣಿ. ಅವನು ಒಳಗೆ ಕಾಲಿಟ್ಟು ಹಾದುಹೋಗುವಾಗ ಅದೇ ಪ್ರಾಣಿ ಅವನ ಪಕ್ಕದಲ್ಲಿ ನಡೆಯುತ್ತದೆ. ಎರಡು ಪಕ್ಕದಲ್ಲೂ ನಡೆಯುತ್ತದೆ. ಅರಸನ ಆಸ್ಥಾನಕ್ಕೆ ಕಪ್ಪ ಹೊತ್ತು ತಂದವನನ್ನು ಕಾವಲುಗಾರರು ನಡುವೆ ಹಾಕಿಕೊಂಡು ಕರೆದೊಯ್ಯುವುದು ಹೀಗೆಯೇ ಅಲ್ಲವೇ? ಮುಂದೆ ಸೆನ್ನಾಕೆರಿಬ್ ಅರಸನ ಕಾಲಕ್ಕೆ ಶಿಲ್ಪಿಗಳು ಈ ಐದನೆಯ ಕಾಲನ್ನು ಬಿಟ್ಟರು. ಲಕ್ಷಣದ ದೃಷ್ಟಿಯಿಂದ ಅದು ಸುಧಾರಣೆ ಇರಬಹುದು. ನಮಗೆ ಮಾತ್ರ ಐದು ಕಾಲಿನದೇ ಇಷ್ಟ.

ಈ ಗೂಳಿಗಳ ಕಾಲುಗಳ ನಡುವೆ, ಹೊಟ್ಟೆಯ ಕೆಳಗೆ, ಮೊಳೆಯಾಕಾರದ ಅಕ್ಷರಗಳಲ್ಲಿ ಶಾಸನ ತುಂಬಿದೆ. ಅರಸನ ಬಿರುದು, ಗೆದ್ದ ನಾಡುಗಳು, ಕಟ್ಟಿದ ಪಟ್ಟಣ, ಕೆಡಿಸಿದವನಿಗೆ ಶಾಪ. ನಿಮ್ರೂದಿನಲ್ಲಿ ರಾಜಧಾನಿ ಕಟ್ಟಿದ ಎರಡನೆಯ ಅಶುರ್‌ನಸಿರ್‌ಪಾಲ್ (ಕ್ರಿ.ಪೂ. 883-859) ಆ ಪಟ್ಟಣದ ಉದ್ಘಾಟನೆಗೆ 69,574 ಜನರಿಗೆ ಹತ್ತು ದಿನ ಊಟ ಹಾಕಿಸಿದೆನೆಂದು ಕಲ್ಲಿನಲ್ಲಿ ಬರೆಸಿಕೊಂಡಿದ್ದಾನೆ. ತಿರುಗಿಬಿದ್ದ ಊರಿನ ಮುಖಂಡರ ಚರ್ಮ ಸುಲಿಸಿ, ಅವರ ಊರ ಬಾಗಿಲಿನ ಎದುರಿಗೇ ಕಂಬ ಕಟ್ಟಿಸಿ ಅದಕ್ಕೆ ಹೊದಿಸಿದೆನೆಂದು ಬರೆಸಿಕೊಂಡವನೂ ಇವನೇ. ಒಂದು ಬಾಗಿಲಲ್ಲಿ ರಕ್ಷಿಸುವ ಗೂಳಿ, ಇನ್ನೊಂದು ಬಾಗಿಲಲ್ಲಿ ಮನುಷ್ಯರ ಚರ್ಮ. ಎರಡೂ ಒಬ್ಬನೇ ಅರಸನ ವಾಸ್ತುಶಿಲ್ಪ. ರಕ್ಷಕ ಎಂಬ ಮಾತನ್ನು ನಾವು ಓದುವಾಗ ಇದನ್ನು ಮರೆಯಬಾರದು. ಯಾರಿಂದ ಯಾರಿಗೆ ರಕ್ಷಣೆ?

ಅದಕ್ಕೆ ಉತ್ತರವನ್ನು ಸೆನ್ನಾಕೆರಿಬನೇ ಚಿತ್ರಿಸಿ ಇಟ್ಟು ಹೋಗಿದ್ದಾನೆ. ನಿನೆವೆಯಲ್ಲಿ ಅವನ ಅರಮನೆಯ ಗೋಡೆಗಳ ಉಬ್ಬುಶಿಲ್ಪಗಳಲ್ಲಿ ಈ ಗೂಳಿಗಳನ್ನು ಸಾಗಿಸುವ ದೃಶ್ಯವಿದೆ. ಅರೆಕೆತ್ತಿದ ಗೂಳಿ ಮರದ ಜಾರುಬಂಡಿಯ ಮೇಲೆ ಮಲಗಿದೆ. ಸಾಲುಸಾಲು ಜನ ಹಗ್ಗ ಹೆಗಲಿಗೆ ಹಾಕಿ ಎಳೆಯುತ್ತಿದ್ದಾರೆ. ಹಿಂದಿನಿಂದ ಕೆಲವರು ಮರದ ದಿಮ್ಮಿ ಕೊಟ್ಟು ಮೀಟುತ್ತಿದ್ದಾರೆ. ಬಡಿಗೆ ಹಿಡಿದ ಮೇಸ್ತ್ರಿಗಳು ಅವರ ಬೆನ್ನಿನ ಹತ್ತಿರ ನಿಂತಿದ್ದಾರೆ. ಅರಸ ರಥದಲ್ಲಿ ನಿಂತು ನೋಡುತ್ತಿದ್ದಾನೆ. ಎಳೆಯುವವರ ಉಡುಪು ಬೇರೆಬೇರೆ, ಏಕೆಂದರೆ ಅವರು ಬೇರೆಬೇರೆ ನಾಡುಗಳಿಂದ ಹಿಡಿದು ತಂದ ಸೆರೆಯಾಳುಗಳು. ಖಾಲ್ದಿಯರು, ಅರಮೇಯರು, ಫಿಲಿಸ್ತಿಯದವರು, ತೂರ್ ಪಟ್ಟಣದವರು, ಇವರೆಲ್ಲರಿಂದ ಬುಟ್ಟಿ ಹೊರಿಸಿ ಇಟ್ಟಿಗೆ ಹುಯ್ಯಿಸಿದೆ ಎಂದು ಸೆನ್ನಾಕೆರಿಬನ ಶಾಸನವೇ ಹೆಮ್ಮೆಯಿಂದ ಹೇಳುತ್ತದೆ.

ನಮ್ಮ ನಡುವೆ ಬೆರಕೆ ಎಂಬ ಮಾತಿಗೆ ಈಗ ದೊಡ್ಡ ಗೌರವವಿದೆ. ಶುದ್ಧದ ಹುಚ್ಚು ಹಿಡಿದವರ ಎದುರು ನಿಲ್ಲಲು ನಮಗೆ ಆ ಮಾತು ಬೇಕೂ ಬೇಕು. ಆದರೆ ಮಿಶ್ರಪ್ರಾಣಿ ಕಂಡಾಕ್ಷಣ 'ಇಗೋ ಬಹುತ್ವ, ಇಗೋ ಸೌಹಾರ್ದ' ಎಂದು ಕುಣಿಯುವುದು ಅವಸರದ ಕೆಲಸ. ಲಮಸ್ಸುವಿನ ಮಿಶ್ರಣ ಸಂತೆಯಲ್ಲೋ ಉರುಸಿನಲ್ಲೋ ಜನ ಜನ ಸೇರಿ ಆದ ಮಿಶ್ರಣವಲ್ಲ. ಅದು ಸಾಮ್ರಾಜ್ಯದ ಮಿಶ್ರಣ. ಗೂಳಿ ಹೊರಬೇಕು, ಹದ್ದು ಹಾರಬೇಕು, ಕಿರೀಟ ಮಾತ್ರ ಮನುಷ್ಯನ ತಲೆಗೆ. ಆ ತಲೆಯ ಗಡ್ಡದ ಸುರುಳಿ ಅರಸನ ಗಡ್ಡದ ಸುರುಳಿಯೇ. ಹಲವು ಜನಾಂಗಗಳನ್ನು ಹಿಡಿದು ತಂದು ಒಂದು ಹಗ್ಗಕ್ಕೆ ಕಟ್ಟಿದ ರಾಜ್ಯ, ಹಲವು ಪ್ರಾಣಿಗಳನ್ನು ಒಂದು ತಲೆಯ ಕೆಳಗೆ ಜೋಡಿಸಿತು. ಈ ಹೋಲಿಕೆ ಆಕಸ್ಮಿಕ ಎಂದು ನಮಗೆ ಅನಿಸುವುದಿಲ್ಲ.

ಹಾಗಿದ್ದರೂ ಕಥೆ ಇಲ್ಲಿಗೆ ಮುಗಿದಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಪ್ರತೀಕಗಳನ್ನು ಮಾಡಿಸಿದವನ ಕೈಯಲ್ಲಿ ಅವು ಬಹಳ ದಿನ ಉಳಿಯುವುದಿಲ್ಲ. ಎರಡನೆಯ ಸರ್ಗೋನ್ ಎಂಬ ಅರಸ ಇವತ್ತಿನ ಕೊರ್ಸಾಬಾದ್ ಹಳ್ಳಿ ಇರುವಲ್ಲಿ ಹೊಸ ರಾಜಧಾನಿ ಕಟ್ಟಿಸಿ ಬಾಗಿಲು ಬಾಗಿಲಿಗೂ ಗೂಳಿಗಳನ್ನು ನಿಲ್ಲಿಸಿದ. ಕ್ರಿ.ಪೂ. 706ರಲ್ಲಿ ಪಟ್ಟಣದ ಉದ್ಘಾಟನೆಯಾಯಿತು. ಮರುವರ್ಷವೇ ಅವನು ದೂರದ ಯುದ್ಧದಲ್ಲಿ ಸತ್ತ, ಹೆಣ ಕೂಡ ಸಿಗಲಿಲ್ಲ. ಮಗ ಸೆನ್ನಾಕೆರಿಬ್ ಆ ಊರನ್ನು ಅಪಶಕುನವೆಂದು ಬಗೆದನೋ ಏನೋ, ರಾಜಧಾನಿಯನ್ನು ನಿನೆವೆಗೆ ಎತ್ತಿಕೊಂಡು ಹೋದ. ಅಲ್ಲೂ ಗೂಳಿಗಳು. ಕ್ರಿ.ಪೂ. 612ರಲ್ಲಿ ಬ್ಯಾಬಿಲೋನಿನವರೂ ಮೇದ್ಯರೂ ಸೇರಿ ನಿನೆವೆಯನ್ನು ಸುಟ್ಟರು. ಅದೇ ಕೋಟೆಯ ಹಲ್ಜಿ ದ್ವಾರವನ್ನು ಅಗೆದಾಗ, ಆ ದಿನ ಬಾಗಿಲಲ್ಲೇ ಬಿದ್ದು ಸತ್ತವರ ಎಲುಬುಗಳು ಸಿಕ್ಕವು.

ಕೊರ್ಸಾಬಾದಿನಿಂದ ಬಂದು ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವ ಒಂದು ಜೋಡಿ ಗೂಳಿಗಳಿವೆ. ಅವುಗಳ ಒಂದು ಪೀಠದ ಮೇಲೆ ಸಣ್ಣದೊಂದು ಗೀಚು ಇದೆ. ಹತ್ತಿರ ಹೋಗಿ ನೋಡಿದರೆ ಅದು ಆಟದ ಮನೆ, ಇಪ್ಪತ್ತು ಚೌಕಗಳ ಹಳೆಯ ಮೆಸೊಪೊಟೇಮಿಯಾದ ಆಟ. ಬಾಗಿಲು ಕಾಯುವ ಸಿಪಾಯಿಗಳು ಬೇಸರ ಕಳೆಯಲು, ಅರಸ ನೋಡದ ಹೊತ್ತಿನಲ್ಲಿ, ಆ ಮಹಾರಕ್ಷಕನ ಕಾಲಬುಡದಲ್ಲಿ ಕುಳಿತು ಮೊಳೆಯಿಂದ ಗೆರೆ ಎಳೆದು ಆಡಿರಬೇಕು. ನಮ್ಮಲ್ಲಿ ಗುಡಿಯ ಜಗಲಿಯ ಮೇಲೆ, ದರ್ಗಾದ ಕಟ್ಟೆಯ ಮೇಲೆ ಹುಲಿಕಟ್ಟಿನ ಮನೆ ಕೊರೆದಿರುತ್ತಾರಲ್ಲ, ಹಾಗೆ. ಲಮಸ್ಸುವಿನ ಹೊಟ್ಟೆಯ ಕೆಳಗಿನ ಶಾಸನಗಳ ಸಾವಿರ ಸಾಲುಗಳಿಗಿಂತ ಈ ಒಂದು ಗೀಚು ನಮಗೆ ಹೆಚ್ಚು ಹೇಳುತ್ತದೆ. ಭಯ ಹುಟ್ಟಿಸಲೆಂದೇ ನಿಲ್ಲಿಸಿದ ಪ್ರಾಣಿಯ ನೆರಳಿನಲ್ಲಿ ಇಬ್ಬರು ದುಡಿಯುವ ಮನುಷ್ಯರು ಕವಡೆಯನ್ನೋ ಕಾಯಿಯನ್ನೋ ನಡೆಸಿಕೊಂಡು ಕುಳಿತಿದ್ದರು. ಆ ಹೊತ್ತಿಗೆ ಅದು ಅವರಿಗೆ ಬರೀ ತಂಪು ಕಲ್ಲು.

ಅರಸರು ಹೋದ ಮೇಲೆ ಪ್ರಾಣಿ ಊರೂರು ತಿರುಗಿತು. ಪರ್ಷಿಯಾದ ಅರಸ ಕ್ಸರ್ಕ್ಸಿಸ್ ಪರ್ಸೆಪೊಲಿಸಿನಲ್ಲಿ ಕಟ್ಟಿಸಿದ 'ಸಕಲ ದೇಶಗಳ ಬಾಗಿಲು' ಎಂಬ ದ್ವಾರದಲ್ಲಿ ಅದೇ ರೆಕ್ಕೆಯ ಗೂಳಿಗಳಿವೆ. ಅಲ್ಲಿಂದ ಅದು ನಮ್ಮ ಮುಂಬಯಿಗೂ ಬಂತು. ಕೋಟೆ ಪ್ರದೇಶದ ಮಾಣೆಕ್‌ಜಿ ಸೇಠ್ ಅಗ್ಯಾರಿಯ ಮುಂಭಾಗದಲ್ಲಿ ಇವತ್ತಿಗೂ ಗಡ್ಡದ, ರೆಕ್ಕೆಯ ಗೂಳಿಗಳು ನಿಂತಿವೆ. ಇರಾನಿನಿಂದ ಬಂದ ಪಾರ್ಸಿಗಳು ತಮ್ಮ ಬೆಂಕಿಗುಡಿಯ ಬಾಗಿಲಿಗೆ ತಮ್ಮ ಬಿಟ್ಟುಬಂದ ನಾಡಿನ ನೆನಪನ್ನು ಕಾವಲಿಟ್ಟರು. ಕರಾವಳಿಯಿಂದ ಹೋಗಿ ಅದೇ ಕೋಟೆ ಪ್ರದೇಶದ ಹೋಟೆಲುಗಳಲ್ಲಿ ಲೋಟ ತೊಳೆದು ರಾತ್ರಿಶಾಲೆಯಲ್ಲಿ ಕನ್ನಡ ಓದಿದ ನಮ್ಮ ಎಷ್ಟೋ ಹುಡುಗರು ಈ ಗೂಳಿಗಳ ಎದುರಿನಿಂದ ನಡೆದು ಹೋಗಿರಬೇಕು. ಅಲ್ಲಿ ಆ ಪ್ರಾಣಿಗೆ ಗೆದ್ದ ನಾಡಿಲ್ಲ, ಸೆರೆಯಾಳಿಲ್ಲ. ಅದು ಒಂದು ಸಣ್ಣ ಸಮುದಾಯದ ಮನೆಬಾಗಿಲ ಪ್ರಾಣಿ.

ಇನ್ನೊಂದು ದಾರಿ ಧರ್ಮಗ್ರಂಥಗಳದು. ಯೆಹೂದಿಗಳನ್ನು ಬ್ಯಾಬಿಲೋನಿಗೆ ಸೆರೆ ಒಯ್ದಾಗ ಆ ಸೆರೆಯಾಳುಗಳ ನಡುವೆ ಇದ್ದ ಎಜೆಕಿಯೇಲ್ ಪ್ರವಾದಿ ಕೆಬಾರ್ ಕಾಲುವೆಯ ದಂಡೆಯಲ್ಲಿ ಕಂಡ ದರ್ಶನದಲ್ಲಿ ನಾಲ್ಕು ಮುಖದ ಜೀವಿಗಳು ಬರುತ್ತವೆ. ಮನುಷ್ಯ, ಸಿಂಹ, ಎತ್ತು, ಹದ್ದು. ಲಮಸ್ಸುವಿನ ಮೈಯ ಅಂಗಗಳೇ ಇವು. ಮೆಸೊಪೊಟೇಮಿಯಾದ ಬಾಗಿಲುಗಳಲ್ಲಿ ಕಂಡದ್ದು ಸೆರೆಯಾಳಿನ ಕನಸಿನಲ್ಲಿ ಬೇರೆ ರೂಪ ತಳೆಯಿತೆಂದು ಅನೇಕ ವಿದ್ವಾಂಸರು ಹೇಳುತ್ತಾರೆ. ಬಾಗಿಲಲ್ಲಿ ನಿಂತು ಅರಸನನ್ನು ಕಾಯುತ್ತಿದ್ದವು ಆ ದರ್ಶನದಲ್ಲಿ ದೇವರ ಸಿಂಹಾಸನ ಹೊರುತ್ತವೆ. ಸೋತವರು ಗೆದ್ದವರ ಪ್ರಾಣಿಯನ್ನು ಹೀಗೆ ಕಸಿದುಕೊಂಡರು. ಮುಂದೆ ಕ್ರೈಸ್ತರು ಅವೇ ನಾಲ್ಕನ್ನು ನಾಲ್ವರು ಸುವಾರ್ತಾಕಾರರ ಗುರುತಾಗಿ ಮಾಡಿಕೊಂಡರು.

ಮುಸ್ಲಿಮರ ಲೋಕಕ್ಕೂ ಅವು ಬಂದವು. ಹದಿಮೂರನೆಯ ಶತಮಾನದಲ್ಲಿ ಜಕರಿಯಾ ಅಲ್ ಕಜ್ವೀನಿ ಎಂಬ ವಿದ್ವಾಂಸರು 'ಅಜಾಯಿಬುಲ್ ಮಖ್ಲೂಕಾತ್' ಎಂಬ ಗ್ರಂಥ ಬರೆದರು. ಸೃಷ್ಟಿಯ ಅದ್ಭುತಗಳ ಬಗ್ಗೆ ಅದು. ಅದರಲ್ಲಿ ಅರ್ಶನ್ನು, ಅಂದರೆ ದೈವಿಕ ಸಿಂಹಾಸನವನ್ನು ಹೊತ್ತ ಮಲಕುಗಳು ಮನುಷ್ಯ, ಎತ್ತು, ಹದ್ದು, ಸಿಂಹದ ರೂಪಗಳಲ್ಲಿ ಬರುತ್ತಾರೆ. ಹಸ್ತಪ್ರತಿಗಳಲ್ಲಿ ಅವುಗಳ ಬಣ್ಣದ ಚಿತ್ರಗಳೂ ಇವೆ. ಕಜ್ವೀನಿ ಯಾರೋ ಅಲೆಮಾರಿ ಕಥೆಗಾರರಲ್ಲ. ಇರಾಕಿನ ವಾಸಿತ್ ಮತ್ತು ಹಿಲ್ಲಾಗಳಲ್ಲಿ ಖಾಜಿಯಾಗಿದ್ದವರು, ನ್ಯಾಯಪೀಠದಲ್ಲಿ ಕುಳಿತವರು. ಹಿಲ್ಲಾ ಇರುವುದು ಬ್ಯಾಬಿಲೋನಿನ ಮಗ್ಗುಲಲ್ಲೇ. ಬುರಾಕ್‌ನ ಕಥೆಯೂ ಇಂಥದ್ದೇ. ಹದೀಸ್‌ಗಳಲ್ಲಿ ಅದು ಕತ್ತೆಗಿಂತ ದೊಡ್ಡದಾದ, ಹೇಸರಗತ್ತೆಗಿಂತ ಸಣ್ಣದಾದ ಬಿಳಿಯ ವಾಹನ, ಅಷ್ಟೆ. ಹೆಣ್ಣಿನ ಮುಖ, ಕಿರೀಟ, ನವಿಲುಬಾಲ ಇವೆಲ್ಲ ಮುಂದೆ ಚಿತ್ರಕಾರರು ಕೊಟ್ಟದ್ದು. ಉಲಮಾಗಳು ಒಪ್ಪಲಿ ಬಿಡಲಿ, ಉರುಸಿನ ಅಂಗಡಿಗಳಲ್ಲಿ ಆ ಚಿತ್ರದ ಕ್ಯಾಲೆಂಡರು ಮಾರಾಟವಾಗುತ್ತಲೇ ಬಂದಿದೆ. ಇನ್ನು ಬಾಗಿಲ ಕಾವಲಿನ ಮಾತಿಗೆ ಬಂದರೆ ಬೀದರ್ ಕೋಟೆಗೆ ಹೋದವರಿಗೆ ಶರ್ಜಾ ದರ್ವಾಜಾ ಗೊತ್ತು. ಅದಕ್ಕೆ ಆ ಹೆಸರು ಬಂದದ್ದೇ ಬಾಗಿಲ ಮೇಲೆ ಕೆತ್ತಿದ ಎರಡು ಹುಲಿಗಳಿಂದ. ಅದೇ ಕೋಟೆಯ ತಖ್ತ್ ಮಹಲಿನ ಕಮಾನಿನಲ್ಲಿ ಸೂರ್ಯನನ್ನು ಬೆನ್ನಿಗಿಟ್ಟುಕೊಂಡ ಹುಲಿಯಿದೆ. ಕೆತ್ತಿಸಿದವರು ಬಹಮನಿ ಸುಲ್ತಾನರು, ಅವರಿಗೆ ಪರ್ಷಿಯಾದಿಂದ ಬಂದ ಅಭಿರುಚಿ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, 2015ರಲ್ಲಿ ಕೊರೆಯುವ ಯಂತ್ರ ಹಿಡಿದವನು ಇಸ್ಲಾಮಿನ ಹೆಸರು ಹೇಳಿದ. ಇಸ್ಲಾಮಿನ ಸೇನೆ ಇರಾಕಿಗೆ ಬಂದದ್ದು ಏಳನೆಯ ಶತಮಾನದಲ್ಲಿ. 637ರಲ್ಲಿ ಸಾಸಾನಿ ಅರಸರ ರಾಜಧಾನಿ ಮದಾಯಿನ್ ಕೈವಶವಾದಾಗ ಸೇನಾಪತಿ ಸಅದ್ ಬಿನ್ ಅಬೀ ವಕ್ಕಾಸ್ (ರ) ಅಲ್ಲಿನ ಬಿಳಿಯ ಅರಮನೆಯ ಸಭಾಂಗಣದಲ್ಲೇ ನಮಾಜು ಮಾಡಿದರೆಂದೂ, ಅಲ್ಲಿದ್ದ ಗಚ್ಚಿನ ಪ್ರತಿಮೆಗಳನ್ನು ಹಾಗೆಯೇ ಬಿಟ್ಟರೆಂದೂ ತಬರಿ ಬರೆಯುತ್ತಾರೆ. ಪ್ರವಾದಿಯವರನ್ನು (ಸ) ಕಣ್ಣಾರೆ ಕಂಡ ಸಹಾಬಿಗೆ ಆಗದ ತೊಂದರೆ ಹದಿನಾಲ್ಕು ಶತಮಾನದ ಮೇಲೆ ಇವರಿಗೆ ಹೇಗೆ ಆಯಿತು? ಗತಿಸಿದ ಜನಾಂಗಗಳ ಅಂತ್ಯ ಏನಾಯಿತೆಂದು ಭೂಮಿಯಲ್ಲಿ ಸಂಚರಿಸಿ ನೋಡಿರೆಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಪಾಳನ್ನೇ ನೆಲಸಮ ಮಾಡಿದರೆ ನೋಡುವುದು ಏನನ್ನು? ಅಷ್ಟಕ್ಕೂ ಲಮಸ್ಸುವಿಗೆ ಕೈಮುಗಿಯುವವರು ಯಾರೂ ಉಳಿದಿರಲಿಲ್ಲ. ಅದರ ಕಾಲಬುಡದಲ್ಲಿ ಕುರಿ ಕಾಯುತ್ತಿದ್ದವರು ಮೋಸುಲಿನ ಮುಸ್ಲಿಮರು.

ವಿಗ್ರಹಭಂಜನೆ ಎಂಬುದೇ ಇಲ್ಲಿ ಸುಳ್ಳು ಹೆಸರು. ಗೂಳಿಗಳಿಗೆ ಕೈ ಹಾಕುವ ಮೊದಲೇ, 2014ರ ಜುಲೈ 24ರಂದು, ಇದೇ ಗುಂಪು ನಿನೆವೆಯ ಇನ್ನೊಂದು ದಿಬ್ಬದ ಮೇಲಿದ್ದ ನಬಿ ಯೂನುಸ್ ಮಸೀದಿಯನ್ನು ಸಿಡಿಮದ್ದಿಟ್ಟು ಉರುಳಿಸಿತು. ಹಜ್ರತ್ ಯೂನುಸ್ (ಅ) ಅವರ ಸಮಾಧಿ ಅಲ್ಲಿದೆಯೆಂದು ಮುಸ್ಲಿಮರು, ಕ್ರೈಸ್ತರು, ಯೆಹೂದಿಗಳು ನಂಬಿಕೊಂಡು ಬಂದ ಜಾಗ ಅದು. ಯೂನುಸರ (ಅ) ಕಥೆ ನಿನೆವೆಯ ಕಥೆಯೇ ಅಲ್ಲವೇ? ಶಿಕ್ಷೆ ಬರುವ ಮೊದಲು ತಿದ್ದಿಕೊಂಡು ಉಳಿದ ಊರು ಎಂದು ಕುರ್‌ಆನಿನಲ್ಲಿ ವಿಶೇಷವಾಗಿ ಹೆಸರಾದ ಜನ ಅವರ ಜನ. 2017ರಲ್ಲಿ ಪೂರ್ವ ಮೋಸುಲ್ ಬಿಡುಗಡೆಯಾದಾಗ ಮಸೀದಿಯ ಅಡಿಯಲ್ಲಿ ಸುರಂಗಗಳು ಕಂಡವು. ಅವುಗಳ ಒಳಗೆ ಸೆನ್ನಾಕೆರಿಬನ ಮಗ ಎಸರ್‌ಹದ್ದೋನನ ಅರಮನೆಯ ಗೋಡೆಗಳು. ಸುರಂಗ ಕೊರೆದದ್ದು ಮಾರಲಿಕ್ಕೆ ಏನಾದರೂ ಸಿಕ್ಕೀತೆಂದು. ಅಗೆದು ತೆಗೆದ ಪ್ರಾಚೀನ ವಸ್ತುಗಳ ಮಾರಾಟದ ಮೇಲೆ ಈ ಗುಂಪು ತೆರಿಗೆ ವಸೂಲಿ ಮಾಡಿದ ರಸೀದಿಗಳು 2015ರ ಮೇ ತಿಂಗಳಲ್ಲಿ ಸಿರಿಯಾದಲ್ಲಿ ನಡೆದ ದಾಳಿಯೊಂದರಲ್ಲಿ ಸಿಕ್ಕವು. ಹೊರಲಾಗದಷ್ಟು ಭಾರವಾದದ್ದನ್ನು ಕ್ಯಾಮರಾದ ಮುಂದೆ ಒಡೆದರು, ಜೇಬಿಗೆ ಹಿಡಿಸುವುದನ್ನು ಕತ್ತಲಲ್ಲಿ ಮಾರಿದರು. ಅದೇ ವರ್ಷ ಆಗಸ್ಟಿನಲ್ಲಿ ಸಿರಿಯಾದ ಪಾಲ್ಮೈರಾದಲ್ಲಿ 82 ವರ್ಷದ ಪುರಾತತ್ವಜ್ಞ ಖಾಲಿದ್ ಅಲ್ ಅಸದ್ ಅವರನ್ನು ಕೊಂದರು. ಬಚ್ಚಿಟ್ಟ ವಸ್ತುಗಳ ಜಾಗವನ್ನು ಅವರು ಹೇಳಲಿಲ್ಲ. ಅವರ ಹೆಸರೂ ಖಾಲಿದ್ ಎಂಬುದನ್ನು ನಮ್ಮ ಪತ್ರಿಕೆಗಳ ಮುಖಪುಟಗಳು ಗಮನಿಸಿದ್ದು ಕಡಿಮೆ.

ಇನ್ನು ಅತ್ತವರ ಮಾತು. 'ಮಾನವಕುಲದ ಪರಂಪರೆ' ಎಂಬ ನುಡಿಗಟ್ಟನ್ನು ನಾವು ಸುಮ್ಮನೆ ಒಪ್ಪಿಕೊಳ್ಳಲಾರೆವು. ಈ ಗೂಳಿಗಳು ಲಂಡನ್, ಪ್ಯಾರಿಸ್, ನ್ಯೂಯಾರ್ಕ್, ಚಿಕಾಗೋಗಳಿಗೆ ನಡೆದು ಹೋದದ್ದಲ್ಲ. 1846ರ ಫೆಬ್ರವರಿಯಲ್ಲಿ ನಿಮ್ರೂದಿನಲ್ಲಿ ಅಗೆಯುತ್ತಿದ್ದ ಅರಬ್ ಕೂಲಿಯಾಳುಗಳಿಗೆ ಮಣ್ಣಿನೊಳಗಿಂದ ರೆಕ್ಕೆಯ ಸಿಂಹವೊಂದರ ಮನುಷ್ಯತಲೆ ಮೇಲೆದ್ದು ಕಂಡಿತು. ಇದು ನಮ್ರೂದನೇ ಎಂದು ಅವರು ಬೆಚ್ಚಿದರು, ಒಬ್ಬ ಬುಟ್ಟಿ ಬಿಸಾಡಿ ಮೋಸುಲಿಗೆ ಓಡಿದ. ಅಗೆಸುತ್ತಿದ್ದ ಇಂಗ್ಲಿಷ್ ಮನುಷ್ಯ ಆಸ್ಟಿನ್ ಹೆನ್ರಿ ಲೇಯರ್ಡ್ ತನ್ನ ಪುಸ್ತಕದಲ್ಲಿ ಇದನ್ನು ಬಹಳ ರಸವತ್ತಾಗಿ ವರ್ಣಿಸಿದ್ದಾನೆ. ಅಜ್ಞಾನಿ ಪೌರ್ವಾತ್ಯ, ಜ್ಞಾನಿ ಪಾಶ್ಚಾತ್ಯ ಎಂಬ ಆ ಕಾಲದ ನಾಟಕಕ್ಕೆ ಅದು ಒಳ್ಳೆಯ ದೃಶ್ಯ. ಆದರೆ ನಾವು ಅದನ್ನು ಬೇರೆ ಕಣ್ಣಿನಿಂದ ಓದಬಹುದು. ಊರಿನ ಶೇಖ್ ಅದನ್ನು ನೂಹ್ (ಅ) ಶಪಿಸಿದ ವಿಗ್ರಹಗಳಲ್ಲಿ ಒಂದೆಂದು ತಿಳಿದ. ಮೋಸುಲಿನ ಖಾಜಿ, ಮುಫ್ತಿಗಳು ಸಭೆ ಸೇರಿದರು. ಆಮೇಲೆ ಪಾಶಾನಿಂದ ಬಂದ ಹೇಳಿಕೆ ಏನು? ಅಲ್ಲಿ ಸಿಕ್ಕಿದ ಅವಶೇಷಗಳನ್ನು ಗೌರವದಿಂದ ನೋಡಿಕೊಳ್ಳಬೇಕು, ಕೆದಕಬಾರದು. ವಿಗ್ರಹವೆಂದು ನಂಬಿದವರೂ ಸುತ್ತಿಗೆ ಎತ್ತಲಿಲ್ಲ!

ಎತ್ತಿಕೊಂಡು ಹೋದದ್ದು ಲೇಯರ್ಡನೇ. 1847ರಲ್ಲಿ ಒಂದು ಗೂಳಿ, ಒಂದು ಸಿಂಹವನ್ನು ಬಂಡಿಯ ಮೇಲೆ ಹೇರಿ ಸುಮಾರು 300 ಜನ ಹಗ್ಗ ಹಿಡಿದು ನದಿಯ ತನಕ ಎಳೆದರು. ಗಾಳಿ ತುಂಬಿದ ಚರ್ಮದ ಚೀಲಗಳ ಮೇಲೆ ಕಟ್ಟಿದ ಕೆಲಕ್ ಎಂಬ ತೆಪ್ಪದಲ್ಲಿ ಬಸ್ರಾಕ್ಕೆ ಸಾಗಿಸಿದರು. ಸೆನ್ನಾಕೆರಿಬನ ಗೋಡೆಯ ಚಿತ್ರವೇ ಮತ್ತೊಮ್ಮೆ! ಹಗ್ಗ ಎಳೆಯುವವರು ಅವರೇ ನಾಡಿನವರು, ನಿಂತು ನೋಡುವ ಅರಸ ಮಾತ್ರ ಬೇರೆ. ನಿನೆವೆಯ ಶಿಲ್ಪಗಳಲ್ಲಿ ಕೆಲವು ಮುಂಬಯಿ ಬಂದರಿನ ದಾರಿಯಾಗಿಯೇ ಇಂಗ್ಲೆಂಡಿಗೆ ಹೋದವು. ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತುಸಂಗ್ರಹಾಲಯದಲ್ಲಿ ಅಸ್ಸೀರಿಯಾದ ಉಬ್ಬುಶಿಲ್ಪಗಳನ್ನು ಇವತ್ತಿಗೂ ನೋಡಬಹುದು. ಬ್ರಿಟಿಷ್ ಮ್ಯೂಸಿಯಮ್ಮಿನ ಕೊರ್ಸಾಬಾದ್ ಗೂಳಿಗಳನ್ನು ಸಾಗಣೆಗೆ ಅನುಕೂಲವಾಗಲೆಂದು ಗರಗಸದಿಂದ ತುಂಡು ತುಂಡಾಗಿ ಕೊಯ್ದಿದ್ದರು. 1855ರಲ್ಲಿ ಫ್ರೆಂಚರ ಇನ್ನೂರಕ್ಕೂ ಹೆಚ್ಚು ಪೆಟ್ಟಿಗೆಗಳು ಕುರ್ನಾ ಬಳಿ ನದಿಯ ಪಾಲಾದವು. ಲೇಯರ್ಡನ ಬಲಗೈಯಾಗಿ ದುಡಿದು, 1853ರಲ್ಲಿ ಅಶುರ್‌ಬನಿಪಾಲನ ಅರಮನೆಯನ್ನು ತಾನೇ ಪತ್ತೆಮಾಡಿದ ಹೊರ್ಮುಜ್ದ್ ರಸ್ಸಾಮ್ ಮೋಸುಲಿನಲ್ಲೇ ಹುಟ್ಟಿದವನು. ಅವನ ಹೆಸರು ಎಷ್ಟು ಜನಕ್ಕೆ ಗೊತ್ತು?

ಗರಗಸಕ್ಕೂ ಕೊರೆಯುವ ಯಂತ್ರಕ್ಕೂ ವ್ಯತ್ಯಾಸವಿಲ್ಲ ಎಂದು ನಾವು ಹೇಳುತ್ತಿಲ್ಲ. ಒಂದು ಕೊಯ್ದು ಜೋಡಿಸಿತು, ಇನ್ನೊಂದು ಪುಡಿ ಮಾಡಿತು. ಲಂಡನ್ನಿನ ಗೂಳಿಗಳು ಉಳಿದಿವೆ, ನೆರ್ಗಲ್ ದ್ವಾರದ ಗೂಳಿಗೆ ಮುಖವಿಲ್ಲ. ಆದರೆ ಇದನ್ನೇ ಹಿಡಿದುಕೊಂಡು, ನೋಡಿ, ನಾವು ಒಯ್ದದ್ದರಿಂದಲೇ ಉಳಿಯಿತು ಎಂಬ ಜಂಬ ಕೇಳಿಬಂದಾಗ ಕೆಲವು ಸಂಗತಿಗಳನ್ನು ನೆನಪಿಸಲೇಬೇಕು. 2003ರ ಏಪ್ರಿಲಿನಲ್ಲಿ ಬಗ್ದಾದ್ ಅಮೆರಿಕದ ವಶವಾದ ದಿನಗಳಲ್ಲಿ ಇರಾಕ್ ಮ್ಯೂಸಿಯಮ್ಮಿನಿಂದ ಸುಮಾರು 15,000 ವಸ್ತುಗಳು ಲೂಟಿಯಾದವು. ತೈಲ ಸಚಿವಾಲಯಕ್ಕೆ ಕಾವಲಿತ್ತು, ಮ್ಯೂಸಿಯಮ್ಮಿಗೆ ಇರಲಿಲ್ಲ. ಬ್ಯಾಬಿಲೋನಿನ ಪಾಳಿನ ನಡುವೆಯೇ ಸೇನಾ ಶಿಬಿರ ಹೂಡಿದರು. ಅಲ್ಲಿ ಇಷ್ತಾರ್ ದ್ವಾರದ ಬುಡದಲ್ಲಿದ್ದ ಇನ್ನೊಂದು ಮಿಶ್ರಪ್ರಾಣಿ, ಹಾವಿನ ತಲೆ, ಸಿಂಹದ ಮುಂಗಾಲು, ಹದ್ದಿನ ಹಿಂಗಾಲಿನ ಮುಷ್‌ಹುಶ್ಶು, ಅದರ ಇಟ್ಟಿಗೆಗಳನ್ನು ಕೀಳಲು ಹೋಗಿ ಹಾಳು ಮಾಡಿದ್ದನ್ನು ಬ್ರಿಟಿಷ್ ಮ್ಯೂಸಿಯಮ್ಮಿನ ವರದಿಯೇ ದಾಖಲಿಸಿದೆ.

ಈ ಎಲ್ಲದಕ್ಕೂ ಕಲೆಯ ಒಳಗಿಂದ ಬಂದ ಒಂದು ಉತ್ತರ ನಮ್ಮ ಗಮನ ಸೆಳೆದಿದೆ. 2018ರ ಮಾರ್ಚಿನಲ್ಲಿ ಲಂಡನ್ನಿನ ಟ್ರಾಫಲ್ಗರ್ ಚೌಕದ ಖಾಲಿ ಪೀಠದ ಮೇಲೆ ಮೈಕೆಲ್ ರಾಕೊವಿಟ್ಜ್ ಎಂಬ ಕಲಾವಿದ ನೆರ್ಗಲ್ ದ್ವಾರದ ಲಮಸ್ಸುವನ್ನು ನಿಲ್ಲಿಸಿದ. ಅದಕ್ಕೆ ಬಳಸಿದ್ದು ಕಲ್ಲಲ್ಲ, ಇರಾಕಿನ ಖರ್ಜೂರದ ಪಾಕ ತುಂಬಿ ಬರುವ 10,500 ಖಾಲಿ ಡಬ್ಬಗಳ ತಗಡು. ರಾಕೊವಿಟ್ಜ್ ಅಮೆರಿಕದವನು. ಅವನ ತಾಯಿಯ ಮನೆತನ ಇರಾಕಿನಿಂದ ಹೊರಟು ಬಂದ ಯೆಹೂದಿಗಳದು. ಮ್ಯೂಸಿಯಮ್ಮಿನಿಂದ ಕಳುವಾದ ವಸ್ತುಗಳನ್ನು ರದ್ದಿ ಕಾಗದ, ಡಬ್ಬದ ತಗಡುಗಳಲ್ಲಿ ಒಂದೊಂದಾಗಿ ಮತ್ತೆ ಮಾಡುವ ಕೆಲಸವನ್ನು ಅವನು 2007ರಿಂದ ಮಾಡುತ್ತಾ ಬಂದಿದ್ದ. ಈ ತಗಡಿನ ಗೂಳಿಯಲ್ಲಿ ನಮಗೆ ಹಿಡಿಸಿದ್ದು ಅದರ ಅಗ್ಗದ ಹೊಳಪು. ಖರ್ಜೂರದ ಚಿತ್ರ, ಅರಬಿ ಅಕ್ಷರ, ಕಂಪನಿಯ ಹೆಸರು ಅದರ ಮೈಮೇಲೆ ಹಾಗೆಯೇ ಕಾಣುತ್ತವೆ. ಅರಸನ ಪ್ರಾಣಿ ಈಗ ದಿನಸಿ ಅಂಗಡಿಯ ಪ್ರಾಣಿ. ಯುದ್ಧ, ದಿಗ್ಬಂಧನಗಳಲ್ಲಿ ಸುಟ್ಟುಹೋದ ತೋಟಗಳ ಲೆಕ್ಕವೂ ಅದರ ಮೈಮೇಲೆ ಇದೆ. ನಮಗೆ ಹಿಡಿಸದ್ದೂ ಒಂದಿದೆ. ಸಾಮ್ರಾಜ್ಯದ ಚೌಕದಲ್ಲಿ, ನೆಲ್ಸನ್ನಿನ ಕಂಬದ ನೆರಳಿನಲ್ಲಿ, ಎರಡು ವರ್ಷದ ಅತಿಥಿಯಾಗಿ ನಿಂತಾಗ ಅದರ ಸಿಟ್ಟು ಸ್ವಲ್ಪ ಸಿಹಿಯಾಗಿಬಿಟ್ಟಿತು. ಅಲ್ಲಿಂದ ಕೂಗಳತೆಯಲ್ಲೇ ಬ್ರಿಟಿಷ್ ಮ್ಯೂಸಿಯಮ್ಮಿನ ಕಲ್ಲಿನ ಗೂಳಿಗಳು ನಿಂತಿವೆ. ಡಬ್ಬದ ಗೂಳಿಗೆ ಚಪ್ಪಾಳೆ ತಟ್ಟಿದ ಊರು ಕಲ್ಲಿನ ಗೂಳಿಗಳ ಮಾತು ಎತ್ತುವುದಿಲ್ಲ.

ಕಡೆಯದಾಗಿ ಕೊರ್ಸಾಬಾದಿನ ಒಂದು ಗೂಳಿಯ ಸಂಗತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಪುರಾತತ್ವಜ್ಞ ವಿಕ್ಟರ್ ಪ್ಲಾಸ್ ಇದನ್ನು ಕಂಡು ಬರೆದಿದ್ದ, ಆದರೆ ಒಯ್ಯಲಿಲ್ಲ. 1990ರ ದಶಕದಲ್ಲಿ, ದಿಗ್ಬಂಧನದಲ್ಲಿ ಇರಾಕ್ ಹಸಿದಿದ್ದ ವರ್ಷಗಳಲ್ಲಿ, ಕಳ್ಳರು ಅದರ ತಲೆಯನ್ನು ಕತ್ತರಿಸಿ ಚೂರು ಮಾಡಿ ಸಾಗಿಸಲು ನೋಡಿದರು. ಚೂರುಗಳು ಸಿಕ್ಕಿಬಿದ್ದು ಬಗ್ದಾದಿನ ಮ್ಯೂಸಿಯಮ್ಮಿಗೆ ಸೇರಿದವು. 2014ರಲ್ಲಿ ಐಎಸ್ ಆ ಹಳ್ಳಿಯತ್ತ ಬರುತ್ತಿದೆ ಎಂದಾಗ, ಅಗೆತದ ನೇತೃತ್ವ ವಹಿಸಿದ ಪಾಸ್ಕಲ್ ಬ್ಯುಟರ್ಲಾನ್ ಹೇಳುವ ಪ್ರಕಾರ, ಊರ ಜನ ತಮ್ಮ ಮನೆಮಾರು ಬಿಟ್ಟು ಓಡುವ ಮೊದಲು ಈ ತಲೆಯಿಲ್ಲದ ಗೂಳಿಯನ್ನು ಮರೆಮಾಡಿದರು. 2023ರ ಅಕ್ಟೋಬರಿನಲ್ಲಿ ಮಣ್ಣು ಸರಿಸಿದಾಗ 18 ಟನ್ ತೂಕದ ಮೈ, ರೆಕ್ಕೆಯ ಗರಿ ಗರಿಯೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಹುಟ್ಟಿದಂದಿನಿಂದ ಬಾಗಿಲು ಕಾಯುತ್ತಿದ್ದ ಪ್ರಾಣಿಯನ್ನು ಆ ಒಂದು ರಾತ್ರಿ ಊರವರು ಕಾದರು. ತಲೆ ಮಾತ್ರ ಬಗ್ದಾದಿನಲ್ಲಿತ್ತು.